ಒರೆಸುವ ಮುನ್ನ ನೆನೆಯಬೇಕು

ಕೊಳೆಯನ್ನು ಕಳೆಯುವ ಕ್ರಿಯೆಗೆ ಕನ್ನಡದಲ್ಲಿ ಒಂದೇ ಪದವಿಲ್ಲ. ಬಟ್ಟೆಯನ್ನು ಒಗೆಯುತ್ತಾರೆ, ಪಾತ್ರೆಯನ್ನು ಬೆಳಗುತ್ತಾರೆ, ನೆಲವನ್ನು ಸಾರಿಸುತ್ತಾರೆ, ಹಲ್ಲನ್ನು ಉಜ್ಜುತ್ತಾರೆ, ಅಕ್ಕಿಯನ್ನು ತೊಳೆಯುತ್ತಾರೆ, ಸಾಬೂನು ಹಚ್ಚಿದ್ದನ್ನು ಜಾಲಿಸುತ್ತಾರೆ, ಒದ್ದೆಯಾದುದನ್ನು ಒರೆಸುತ್ತಾರೆ. ಈ ಪದಗಳು ಒಂದಕ್ಕೊಂದು ಪರ್ಯಾಯಗಳಲ್ಲ. ಯಾವ ವಸ್ತು ಎಷ್ಟನ್ನು ತಾಳಬಲ್ಲದು ಎಂಬ ತಲೆತಲಾಂತರದ ತಿಳಿವಳಿಕೆ ಒಂದೊಂದು ಪದದೊಳಗೂ ಅಡಗಿದೆ. ಹಿತ್ತಾಳೆಯ ಕೊಡವು ಹುಣಸೆಹಣ್ಣಿನ ತಿಕ್ಕಾಟವನ್ನು ತಾಳುತ್ತದೆ, ರೇಷ್ಮೆಯ ಸೀರೆ ತಾಳಲಾರದು. ಇದನ್ನು ಯಾರೂ ಪಾಠ ಮಾಡಿ ಕಲಿಸಬೇಕಾಗಿಲ್ಲ, ಭಾಷೆಯೇ ಕಲಿಸಿಬಿಡುತ್ತದೆ.

ಆದರೆ ಮನೆಯ ಅಂಗಳಕ್ಕೆ ಹೊಸದಾಗಿ ಬಂದ ವಸ್ತುವಿಗೆ ಇಂಥ ಹಳೆಯ ಪದವಾಗಲಿ, ಹಳೆಯ ತಿಳಿವಳಿಕೆಯಾಗಲಿ ಇರುವುದಿಲ್ಲ. ಕಾರು ಅಂಥದೊಂದು ವಸ್ತು. ಅದನ್ನು ಕೆಲವರು ನೆಲದಂತೆ ಸಾರಿಸುತ್ತಾರೆ, ಕೆಲವರು ಪಾತ್ರೆಯಂತೆ ತಿಕ್ಕುತ್ತಾರೆ. ಬಹುಪಾಲು ಮಂದಿ ಬೆಳಗ್ಗೆ ಎದ್ದು ಒಣಬಟ್ಟೆಯಿಂದ ಒರೆಸುತ್ತಾರೆ. ಈ ಒಣಬಟ್ಟೆಯ ಒರೆಸುವಿಕೆಯಿಂದ ಧಾರವಾಡದ ಒಂದು ಮನೆಯಲ್ಲಿ ತಂದೆ ಮಕ್ಕಳ ನಡುವೆ ಮೂರು ತಿಂಗಳ ಮೌನ ಬೆಳೆದ ಪ್ರಸಂಗವನ್ನು ಇಲ್ಲಿ ನಿರೂಪಿಸಬೇಕಾಗಿದೆ.

ಆ ಮನೆಯ ಹಿರಿಯರು ಬಸ್ ಡಿಪೋವೊಂದರಲ್ಲಿ 31 ವರ್ಷ ಬಸ್ಸುಗಳನ್ನು ತೊಳೆದವರು. ರಾತ್ರಿ ಪಾಳಿ. ಹಳಿಯಾಳದ ಕಡೆಯಿಂದ ಬಂದ ಬಸ್ಸಿಗೆ ಕೆಂಪು ಧೂಳು, ನವಲಗುಂದದ ಕಡೆಯಿಂದ ಬಂದದ್ದಕ್ಕೆ ಕಪ್ಪು ಎರೆಮಣ್ಣು. ಗಾಲಿಯ ಮಣ್ಣನ್ನು ನೋಡಿ ಬಸ್ಸು ಯಾವ ದಾರಿಯಿಂದ ಬಂದಿದೆ ಎಂದು ಹೇಳಬಲ್ಲವರಾಗಿದ್ದರು. ಅವರ ಏಕಮಾತ್ರ ಪುತ್ರ ಓದಿ ಬ್ಯಾಂಕಿನಲ್ಲಿ ನೌಕರಿ ಹಿಡಿದು, 2023ರ ಯುಗಾದಿಯ ವೇಳೆಗೆ ಸಾಲ ಮಾಡಿ ಕಡುನೀಲಿ ಬಣ್ಣದ ಕಾರೊಂದನ್ನು ಕೊಂಡ. ಆ ಮನೆತನದಲ್ಲಿ ಅದು ಮೊದಲನೆಯ ಕಾರು. ಜೀವಮಾನವಿಡೀ ಊರ ಮಂದಿಯ ಬಸ್ಸು ತೊಳೆದ ಕೈಗಳಿಗೆ ಮನೆಯದೇ ಆದ ವಾಹನವೊಂದು ದೊರೆತಾಗ ಆ ಹಿರಿಯರಿಗೆ ಆದ ಸಂತೋಷವನ್ನು ವಿವರಿಸುವ ಅಗತ್ಯವಿಲ್ಲ. ನಿತ್ಯವೂ ಐದು ಗಂಟೆಗೆ ಎದ್ದು, ಜಗುಲಿಯ ಗೂಟಕ್ಕೆ ತೂಗುಹಾಕಿದ ಹಳದಿ ಅರಿವೆಯನ್ನು ಕೊಡವಿಕೊಂಡು, ಮಗ ಏಳುವುದರೊಳಗೆ ಇಡೀ ಕಾರನ್ನು ಒರೆಸಿ ಮುಗಿಸುತ್ತಿದ್ದರು. ನೀರನ್ನು ಮುಟ್ಟುತ್ತಿರಲಿಲ್ಲ. ಅವರ ಓಣಿಗೆ ನಳದ ನೀರು ಬರುತ್ತಿದ್ದುದು ಐದಾರು ದಿನಕ್ಕೊಮ್ಮೆ. ಮೇಲಾಗಿ 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದ ವರ್ಷವದು. ಕುಡಿಯುವ ನೀರನ್ನು ಕಾರಿನ ಮೇಲೆ ಚೆಲ್ಲಲು ಅವರ ಮನಸ್ಸು ಒಪ್ಪಲಿಲ್ಲ.

2024ರ ಸಂಕ್ರಾಂತಿಯ ಮರುದಿನ ಮಧ್ಯಾಹ್ನದ ಬಿಸಿಲಿನಲ್ಲಿ ಮಗ ಬಾನೆಟ್ಟನ್ನು ದಿಟ್ಟಿಸಿದ. ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ನೂರಾರು ನವಿರಾದ ಗೀರುಗಳು ವೃತ್ತವೃತ್ತವಾಗಿ ಹರಡಿಕೊಂಡಿದ್ದವು. ಹತ್ತು ತಿಂಗಳೂ ತುಂಬದ ಕಾರು. ಇನ್ನೂ ಆರು ವರ್ಷದ ಕಂತು ಬಾಕಿ. ಆತನಿಗೆ ಸಿಟ್ಟು ತಡೆಯಲಾಗಲಿಲ್ಲ.

"ಅಪ್ಪಾ, ಏನ್ ಮಾಡಿ ಇಟ್ಟೀ ಇದನ್ನ? ಭಾಂಡಿ ತಿಕ್ಕಿದಂಗ ಸುತ್ತ ತಿರುವಿ ತಿರುವಿ ತಿಕ್ಕೀಯಲ್ಲ!"

"ಸುತ್ತ ತಿರುವಿಲ್ಲೋ ತಮ್ಮಾ. ನೆಟ್ಟಗ ಒರಸೇನಿ. ಒಂದ್ ದಿನಾ ಉದ್ದಕ, ಒಂದ್ ದಿನಾ ಅಡ್ಡಕ."

"ಕಣ್ಣಿಗೆ ಕಾಣಾಕತ್ತದ, ಇನ್ನೂ ಸುಳ್ಳ ಹೇಳ್ತಿ!"

ಕೊನೆಯ ಮಾತು ಆಡಬಾರದ್ದಾಗಿತ್ತು. ತಂದೆ ಮರುಮಾತಾಡದೆ ಹಳದಿ ಅರಿವೆಯನ್ನು ಮಡಚಿ ಗೂಟಕ್ಕೆ ಹಾಕಿದರು. ಅಂದಿನಿಂದ ಅವರು ಕಾರಿನ ಹತ್ತಿರ ಸುಳಿಯಲಿಲ್ಲ. ಐದು ಗಂಟೆಗೆ ಏಳುವ ರೂಢಿ ಮಾತ್ರ ತಪ್ಪಲಿಲ್ಲ. ಎದ್ದು ಕಟ್ಟೆಯ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರು. ಒಂದು ದಿನ ತಾಯಿ ಮಗನಿಗೆ ಊಟಕ್ಕೆ ಬಡಿಸುತ್ತ, "ಗಾಡೀ ಮ್ಯಾಲಿನ ಗೆರಿ ಕಂಡ್ವಪಾ ನಿನಗ. ಅವರ ಮುಖ ಎಷ್ಟ್ ಸಣ್ಣದಾಗೇದ ಅನ್ನೂದು ಕಾಣವಲ್ದು" ಎಂದರು.

ಸಿಟ್ಟು ಇಳಿದ ಮೇಲೆ ಮಗ ಆ ಗೀರುಗಳನ್ನು ಹೋಗಲಾಡಿಸುವ ಉಪಾಯ ಹುಡುಕತೊಡಗಿದ. ಹುಡುಕುತ್ತ ಹೋದಂತೆ ಆತನಿಗೆ ಮೊದಲು ತಿಳಿದುಬಂದದ್ದು ಕಾರಿನ ಮೈಯ ರಚನೆ. ಕಾರಿನ ಬಣ್ಣವೆಂದರೆ ಒಂದೇ ಲೇಪವಲ್ಲ. ಉಕ್ಕಿನ ಹಾಳೆಯ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕವಾದ ಕ್ಲಿಯರ್ ಕೋಟ್. ನಮ್ಮ ಕಣ್ಣಿಗೆ ಹೊಳಪಾಗಿ ತೋರುವುದು ಈ ಕೊನೆಯ ಪದರವೇ. ಇದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು. ಹೆಚ್ಚೆಂದರೆ ಒಂದು ತಲೆಗೂದಲಿನ ದಪ್ಪ. ಇದರ ಮೇಲೆ ಕೂರುವ ಧೂಳಾದರೋ ಬರಿಯ ಮಣ್ಣಲ್ಲ. ಅದರಲ್ಲಿ ಮರಳಿನ ಸೂಕ್ಷ್ಮ ಕಣಗಳಿರುತ್ತವೆ. ಮರಳಿನ ಬಹುಭಾಗ ಬೆಣಚುಕಲ್ಲು. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪನದಲ್ಲಿ ಬೆಣಚುಕಲ್ಲಿನ ಸ್ಥಾನ 7. ಅದು ಗಾಜನ್ನೇ ಗೀರಬಲ್ಲದು. ಒಣಬಟ್ಟೆಯಿಂದ ಒರೆಸುವಾಗ ಈ ಕಣಗಳು ಬಟ್ಟೆಗೂ ಕಾರಿನ ಮೈಗೂ ನಡುವೆ ಸಿಕ್ಕಿಕೊಂಡು, ಬಟ್ಟೆ ಹೋದಲ್ಲೆಲ್ಲ ಉಳಿಯಂತೆ ಕೆಲಸ ಮಾಡುತ್ತವೆ. ಬಟ್ಟೆ ಎಷ್ಟೇ ಮೆತ್ತಗಿರಲಿ, ಕೈ ಎಷ್ಟೇ ಹಗುರವಾಗಿರಲಿ, ಒರೆಸುವವನ ಪ್ರೀತಿ ಎಷ್ಟೇ ದೊಡ್ಡದಾಗಿರಲಿ, ಬೆಣಚುಕಲ್ಲಿಗೆ ಅದು ತಿಳಿಯುವುದಿಲ್ಲ. ಹಳೆಯ ಬಸ್ಸುಗಳ ದಪ್ಪನೆಯ ಬಣ್ಣಕ್ಕೆ ಇಂಥ ಹೊಳಪೂ ಇರಲಿಲ್ಲ, ಆದುದರಿಂದ ಇಂಥ ಗೀರು ಕಣ್ಣಿಗೆ ಬೀಳುವ ಭಯವೂ ಇರಲಿಲ್ಲ. ಡಿಪೋದಲ್ಲಿ ಸರಿಯಾಗಿದ್ದ ಕ್ರಿಯೆ ಅಂಗಳದಲ್ಲಿ ತಪ್ಪಾಯಿತು. ಕ್ರಿಯೆ ಬದಲಾಗಿರಲಿಲ್ಲ, ವಸ್ತು ಬದಲಾಗಿತ್ತು.

ಎರಡನೆಯದಾಗಿ ಆತನಿಗೆ ತಿಳಿದ ಸಂಗತಿ ಇನ್ನೂ ಮುಖ್ಯವಾದುದು. ಬಿಸಿಲಿನಲ್ಲಿ ಕಾಣುವ ಆ ವೃತ್ತಗಳು ನಿಜವಾಗಿ ವೃತ್ತಗಳಲ್ಲ. ನಾನಾ ದಿಕ್ಕಿಗೆ ಬಿದ್ದಿರುವ ಸಾವಿರಾರು ನೇರ ಗೀರುಗಳ ಪೈಕಿ, ಬೆಳಕಿಗೆ ಅಡ್ಡವಾಗಿರುವಂಥವು ಮಾತ್ರ ಮಿನುಗಿ ನೋಡುವವನ ಕಣ್ಣಿಗೆ ಬೀಳುತ್ತವೆ, ಉಳಿದವು ಮರೆಯಾಗುತ್ತವೆ. ಬೆಳಕಿನ ಬಿಂಬದ ಸುತ್ತ ಹೀಗೆ ಅಡ್ಡವಾಗಿ ಮಿನುಗುವ ಗೀರುಗಳೆಲ್ಲ ಸೇರಿ ಉಂಗುರದಂತೆ ತೋರುತ್ತವೆ. ಇದನ್ನು ಪರೀಕ್ಷಿಸಲು ಆತ ರಾತ್ರಿ ಟಾರ್ಚು ಹಿಡಿದು ಬಾನೆಟ್ಟಿನ ಮುಂದೆ ನಿಂತ. ಟಾರ್ಚನ್ನು ಎಡಕ್ಕೆ ಸರಿಸಿದರೆ ಉಂಗುರಗಳೂ ಎಡಕ್ಕೆ ಸರಿದವು. ಬಲಕ್ಕೆ ಸರಿಸಿದರೆ ಬಲಕ್ಕೆ. ಕೈಯಿಂದ ತಿರುವಿದ ಗೀರುಗಳಾಗಿದ್ದರೆ ಅವು ಇದ್ದಲ್ಲೇ ಇರಬೇಕಾಗಿತ್ತು. ತಂದೆ ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಅವರು ನೆಟ್ಟಗೇ ಒರೆಸಿದ್ದರು, ಒಂದು ದಿನ ಉದ್ದಕ್ಕೆ, ಒಂದು ದಿನ ಅಡ್ಡಕ್ಕೆ. ಸುತ್ತು ಇದ್ದುದು ಬೆಳಕಿನಲ್ಲಿ, ನೋಡುವ ಕಣ್ಣಿನಲ್ಲಿ. ಅಂದು ರಾತ್ರಿ ಆತ ಬಹಳ ಹೊತ್ತು ಅಂಗಳದಲ್ಲೇ ನಿಂತಿದ್ದ. ಗೀರು ಬಿದ್ದದ್ದು ನಿಜ. ಆದರೆ ಸುಳ್ಳು ಹೇಳಿದಿರಿ ಎಂದು ತಂದೆಗೆ ಅಂದದ್ದು ತಪ್ಪು. ಈ ಎರಡನ್ನೂ ಬೇರ್ಪಡಿಸಿ ನೋಡುವ ವ್ಯವಧಾನ ಸಂಕ್ರಾಂತಿಯ ಮರುದಿನ ಆತನಿಗಿರಲಿಲ್ಲ.

ಆದರೂ ಕ್ಷಮೆ ಕೇಳಲು ನಾಲಿಗೆ ಏಳಲಿಲ್ಲ. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ನೀರಿನ ಬವಣೆಯ ಸುದ್ದಿ ಎಲ್ಲೆಡೆ ಹಬ್ಬಿತು. ವಾಹನ ತೊಳೆಯಲು ಕುಡಿಯುವ ನೀರನ್ನು ಬಳಸುವಂತಿಲ್ಲ, ಬಳಸಿದರೆ 5,000 ರೂಪಾಯಿ ದಂಡ ಎಂದು ಅಲ್ಲಿನ ಜಲಮಂಡಳಿ ಆದೇಶ ಹೊರಡಿಸಿತ್ತು. ಪತ್ರಿಕೆಯಲ್ಲಿ ಅದನ್ನು ಓದಿದ ತಂದೆ ತಮ್ಮಷ್ಟಕ್ಕೆ ಎಂಬಂತೆ, "ನಾ ಅದಕ್ಕಽ ನೀರ್ ಮುಟ್ಟಿದ್ದಿಲ್ಲ" ಎಂದರು. ಒಣಬಟ್ಟೆಯ ಹಿಂದಿನ ಕಾರಣ ಮಗನಿಗೆ ಹೊಳೆದದ್ದು ಆಗಲೇ. ಅದಕ್ಕೂ ಮುಂಚಿನ ಎರಡು ಭಾನುವಾರ ಆತ ಪೈಪು ಹಿಡಿದು ಕಾರು ತೊಳೆದಿದ್ದ. ಅಂದು ಸಂಜೆ ಪೈಪಿನ ಕೆಳಗೆ 15 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿದ. ಒಂದು ನಿಮಿಷಕ್ಕೆ ತುಂಬಿತು. 20 ನಿಮಿಷ ತೊಳೆದರೆ 300 ಲೀಟರು. ಪಕ್ಕದ ಮನೆಯವರು ನಳದ ಮುಂದೆ ಕೊಡಗಳನ್ನು ಸಾಲಾಗಿಟ್ಟು ಕಾಯುವಾಗ 300 ಲೀಟರು ಗಟಾರಕ್ಕೆ ಹರಿದಿತ್ತು.

ಯುಗಾದಿಗೆ ಎರಡು ದಿನ ಮುಂಚೆ ಆತ ತಂದೆಯ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತು ಕೇಳಿದ: "ಅಪ್ಪಾ, ಎರಿಮಣ್ಣು ಮೆತ್ತಿದ ಬಸ್ಸು ಹೆಂಗ್ ತೊಳೀತಿದ್ದಿ?"

ಬಹುದಿನಗಳ ಮೇಲೆ ಬಂದ ಪ್ರಶ್ನೆ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅದನ್ನ ಕೈಲೆ ಕಿತ್ತಾಕ ಹೋಗಬಾರದು. ಮದ್ಲ ನೀರ್ ಕುಡಸಬೇಕು. ಹತ್ತ್ ನಿಮಿಷ ನೆನೀಲಿಕ್ಕೆ ಬಿಟ್ರ ತಾನಽ ಜಾರತೇತಿ."

"ಹಂಗಾರ ಧೂಳಿಗೂ ಅದಽ ನ್ಯಾಯ ಅಪ್ಪಾ. ಕಣ್ಣಿಗೆ ಕಾಣಂಗಿಲ್ಲ, ಖರೆ ಅದೂ ಮಣ್ಣಽ. ಮತ್ತ... ನೀ ನೆಟ್ಟಗಽ ಒರಸಿದ್ದಿ. ನಂದಽ ತಪ್ಪಾತು."

ತಂದೆ ಏನೂ ಹೇಳಲಿಲ್ಲ. ಎದ್ದು ಒಳಗೆ ಹೋಗಿ, ಹೊರಗೆ ಬರುವಾಗ ಎರಡು ಬಕೆಟ್ ಹಿಡಿದು ಬಂದರು.

ಅಂದು ಅವರಿಬ್ಬರೂ ಕೂಡಿ ರೂಢಿಸಿಕೊಂಡ ಕ್ರಮವು ಇಂದಿಗೂ ಆ ಮನೆಯಲ್ಲಿ ನಡೆದುಬಂದಿದೆ. ಕಾರುಳ್ಳ ಗೃಹಸ್ಥರೆಲ್ಲರಿಗೂ ಉಪಯುಕ್ತವಾದುದರಿಂದ ಅದನ್ನು ಸವಿಸ್ತಾರವಾಗಿ ಹೇಳುವುದು ಉಚಿತ.

ಮೊದಲನೆಯದು ಹೊತ್ತು ಮತ್ತು ಸ್ಥಳ. ಬಿಸಿಲೇರುವ ಮುನ್ನ ಅಥವಾ ಇಳಿದ ಮೇಲೆ, ನೆರಳಿನಲ್ಲಿ, ಬಾನೆಟ್ಟನ್ನು ಅಂಗೈಯಿಂದ ಮುಟ್ಟಿದರೆ ತಣ್ಣಗಿರುವಾಗ ತೊಳೆಯಬೇಕು. ಬಿಸಿಯಾದ ಮೈಯ ಮೇಲೆ ಸಾಬೂನು ನೊರೆ ಅಲ್ಲೇ ಒಣಗಿ ಕಲೆಯಾಗುತ್ತದೆ. ಕಾರನ್ನು ಅವರು ನಿಲ್ಲಿಸುವುದು ಹಿತ್ತಿಲ ಪೇರಲ ಗಿಡದ ಹತ್ತಿರದ ಮಣ್ಣಿನ ನೆಲದಲ್ಲಿ. ಗಟಾರಕ್ಕೆ ಬಿಟ್ಟ ಸಾಬೂನು ನೀರು ಹಳ್ಳಕೆರೆಗಳನ್ನು ಸೇರುವ ಸಂಭವವುಂಟು. ಮಣ್ಣಾದರೆ ಅಷ್ಟಿಷ್ಟು ಹೀರಿಕೊಳ್ಳುತ್ತದೆ.

ಎರಡನೆಯದು ನೆನೆಸುವುದು. ಇದಕ್ಕೆ ಪೈಪು ಬೇಕಿಲ್ಲ ಎಂಬುದು ತಂದೆಯ ಸಲಹೆ. ಹತ್ತಿಯ ಹೊಲಕ್ಕೆ ಎಣ್ಣೆ ಹೊಡೆಯುವ ಕೈಪಂಪಿನಂಥದೇ ಆದ 8 ಲೀಟರಿನ ಹೊಸ ಪಂಪೊಂದನ್ನು ತಂದರು. ಕೀಟನಾಶಕ ತುಂಬಿದ ಹಳೆಯ ಪಂಪನ್ನು ಇದಕ್ಕೆ ಬಳಸಲೇಬಾರದು. ಪಂಪಿನ ನವಿರಾದ ತುಂತುರನ್ನು ಮೇಲ್ಛಾವಣಿಯಿಂದ ಆರಂಭಿಸಿ ಕೆಳಕ್ಕೆ ಹೊಡೆಯುತ್ತ ಬಂದು, ಕೆಲವು ನಿಮಿಷ ಬಿಟ್ಟು, ಮತ್ತೊಮ್ಮೆ ಹೊಡೆದರೆ ಸಡಿಲವಾದ ಧೂಳೆಲ್ಲ ಕೈ ಸೋಕದೆಯೇ ಇಳಿದುಹೋಗುತ್ತದೆ. ಹಕ್ಕಿಯ ಹಿಕ್ಕೆ ಇದ್ದಲ್ಲಿ ಅದನ್ನು ಉಗುರಿನಿಂದ ಕೆರೆಯದೆ, ಅದರ ಮೇಲೆ ಒದ್ದೆಬಟ್ಟೆ ಹಾಸಿ ಮೆತ್ತಗಾದ ಮೇಲೆ ಎತ್ತಿ ತೆಗೆಯಬೇಕು. ಅದರಲ್ಲಿ ಯೂರಿಕ್ ಆಮ್ಲವಿರುವುದರಿಂದ ಬಿಸಿಲಿನಲ್ಲಿ ದಿನಗಟ್ಟಲೆ ಬಿಟ್ಟರೆ ಹೊಳಪಿನ ಪದರವನ್ನೇ ತಿನ್ನುತ್ತದೆ. ವಾರದ ಸರದಿಗೆ ಕಾಯದೆ ಕಂಡ ದಿನವೇ ತೆಗೆಯುವುದು ಲೇಸು.

ಮೂರನೆಯದು ತೊಳೆಯುವುದು. ಇದಕ್ಕೆ ಎರಡು ಬಕೆಟ್ ಬೇಕು. ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಬಟ್ಟೆ ಒಗೆಯುವ ಪುಡಿ ಸಲ್ಲದು. ಅದರ ಕ್ಷಾರಗುಣವು ಕಾರಿನ ಮೇಲಿನ ಮೇಣದ ರಕ್ಷೆಯನ್ನು ಕಿತ್ತೊಯ್ಯುತ್ತದೆ. ಮೈಕ್ರೋಫೈಬರ್ ಕೈಚೀಲವನ್ನು ಶಾಂಪೂ ನೀರಿನಲ್ಲಿ ಅದ್ದಿ, ಒಂದು ಭಾಗವನ್ನಷ್ಟೇ ಒತ್ತಡವಿಲ್ಲದೆ ನೇರ ಗೆರೆಯಲ್ಲಿ ತೊಳೆದು, ಮರಳಿ ಶಾಂಪೂ ಬಕೆಟ್ಟಿಗೆ ಅದ್ದುವ ಮುನ್ನ ಬರಿಯ ನೀರಿನ ಬಕೆಟ್ಟಿನಲ್ಲಿ ಜಾಲಿಸಬೇಕು. ಎರಡು ಬಕೆಟ್ಟಿನ ಮರ್ಮ ಇಷ್ಟೇ: ತೆಗೆದ ಕೊಳೆಯನ್ನು ಮತ್ತೆ ಹಚ್ಚಬಾರದು. ಕೆಲಸ ಮುಗಿದ ಮೇಲೆ ಎರಡನೆಯ ಬಕೆಟ್ಟಿನ ತಳದಲ್ಲಿ ಕುಳಿತ ಮರಳನ್ನು ತಂದೆ ಬೆರಳಿನಿಂದ ಮುಟ್ಟಿ ನೋಡಿದರು. ಒಂಬತ್ತು ತಿಂಗಳು ತಮ್ಮ ಹಳದಿ ಅರಿವೆಯೊಳಗೆ ಇದ್ದುದು ಇದೇ ಎಂಬುದು ಅವರಿಗೆ ಯಾರೂ ಹೇಳದೆ ತಿಳಿಯಿತು.

ಮೇಲಿನಿಂದ ಕೆಳಕ್ಕೆ ಬರುವುದು ಕ್ರಮ: ಛಾವಣಿ, ಗಾಜು, ಬಾನೆಟ್ಟು, ಬಾಗಿಲ ಮೇಲ್ಭಾಗ, ಕಡೆಗೆ ಕೆಳಭಾಗ. ಹೆಚ್ಚಿನ ಮಣ್ಣು ಇರುವುದು ಕೆಳಗೆ. ಗಾಲಿಗಳಿಗೆ ಬೇರೆಯೇ ಬ್ರಷ್ಷು, ಬೇರೆಯೇ ಬಟ್ಟೆ. ಬ್ರೇಕು ಸವೆದು ಉದುರಿದ ಲೋಹದ ಪುಡಿ ಅಲ್ಲಿ ಮೆತ್ತಿಕೊಂಡಿರುತ್ತದೆ. ಅದೇ ಬಟ್ಟೆ ಬಾನೆಟ್ಟಿಗೆ ತಗುಲಿದರೆ ಗೀರು ತಪ್ಪಿದ್ದಲ್ಲ. ಗಾಲಿಯನ್ನು ಮೊದಲು ತೊಳೆಯುವವರುಂಟು. ಈ ಮನೆಯಲ್ಲಿ ಕೊನೆಗೆ ತೊಳೆಯುತ್ತಾರೆ, ಮೈಗೆ ಬಳಸಿ ಉಳಿದ ಶಾಂಪೂ ನೀರೇ ಅದಕ್ಕೆ ಸಾಕಾಗುತ್ತದೆ ಎಂಬ ಕಾರಣಕ್ಕೆ. ಗಾಲಿಯ ಮೇಲಿನ ಕಮಾನಿನೊಳಗೆ ಕೈ ಹಾಕಿ ಅಂಟಿದ ಮಣ್ಣನ್ನು ತೆಗೆಯುವುದನ್ನು ತಂದೆ ಇನ್ನೊಬ್ಬರಿಗೆ ಬಿಡುವುದಿಲ್ಲ. ಮಣ್ಣು ತೇವವನ್ನು ಹಿಡಿದಿಡುತ್ತದೆ, ತೇವವು ತುಕ್ಕನ್ನು ಕರೆಯುತ್ತದೆ ಎಂಬುದು ಅವರ ಡಿಪೋದ ಅನುಭವ. ಗಾಜಿನ ಕೆಳಗಿನ ಸಂದಿಯ ಎಲೆಗಳನ್ನು, ಬಾಗಿಲ ತಳದ ನೀರು ಹೋಗುವ ರಂಧ್ರಗಳನ್ನು ಅವರು ಮರೆಯುವುದಿಲ್ಲ. ಎಂಜಿನ್ನಿನ ಮೇಲೆ ಮಾತ್ರ ನೀರು ಸುರಿಯಬಾರದು. ಅಲ್ಲಿ ವಿದ್ಯುತ್ ಜೋಡಣೆಗಳಿರುತ್ತವೆ. ಹಿಂಡಿದ ಒದ್ದೆಬಟ್ಟೆಯೇ ಸಾಕು.

ನಾಲ್ಕನೆಯದು ಜಾಲಿಸುವುದು, ಐದನೆಯದು ಒರೆಸುವುದು. ಎರಡನೆಯ ಬಾರಿ ತುಂಬಿದ ಪಂಪಿನ ನೀರಿನಿಂದ ನೊರೆಯನ್ನು ಇಳಿಸಿ, ಹನಿಗಳು ಒಣಗುವ ಮುನ್ನವೇ ದಪ್ಪನೆಯ ಒಣ ಮೈಕ್ರೋಫೈಬರ್ ಟವೆಲನ್ನು ಹಾಸಿ ಮೆಲ್ಲಗೆ ಎಳೆದು ನೀರನ್ನು ಹೀರಿಸಬೇಕು. ಬೋರ್‌ವೆಲ್ಲಿನ ಗಡಸು ನೀರಾದರೆ ಇಲ್ಲಿ ವಿಳಂಬ ಕೂಡದು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹನಿ ಇದ್ದಲ್ಲೇ ಬಿಳಿಯ ಚುಕ್ಕೆಯಾಗಿ ನಿಲ್ಲುತ್ತವೆ. ಒರೆಸಲು ಈಗ ಭಯವಿಲ್ಲ, ಗೀರುವಂಥದ್ದು ಆಗಲೇ ಹೊರಟುಹೋಗಿದೆ. ಒರೆಸಿದ ಮೇಲೆ ಓಣಿಯ ತುದಿಯವರೆಗೆ ಒಂದು ಸಲ ಓಡಿಸಿ ನಾಲ್ಕಾರು ಬಾರಿ ಬ್ರೇಕು ಒತ್ತಿ ಬರುವುದು ಕ್ಷೇಮ. ಒದ್ದೆಯಾದ ಬ್ರೇಕಿನ ತಟ್ಟೆಗಳಿಗೆ ಬೇಗ ತುಕ್ಕಿನ ತೆಳುಪದರ ಕೂರುತ್ತದೆ. ತೊಳೆದ ಕೂಡಲೇ ಹ್ಯಾಂಡ್‌ಬ್ರೇಕು ಎಳೆದು ದಿನಗಟ್ಟಲೆ ನಿಲ್ಲಿಸಿದರೆ ಬ್ರೇಕು ಹಿಡಿದುಕೊಳ್ಳುವ ಸಂಭವವೂ ಉಂಟು.

ಲೆಕ್ಕ ಹಾಕಿದರೆ ಎರಡು ಪಂಪು 16 ಲೀಟರು, ಎರಡು ಬಕೆಟ್ 30 ಲೀಟರು, ಒಟ್ಟು 46 ಲೀಟರು. ಪೈಪು ಕುಡಿದದ್ದರ ಆರರಲ್ಲೊಂದು ಪಾಲೂ ಅಲ್ಲ. ವಾರಕ್ಕೊಮ್ಮೆ ಇದ್ದುದನ್ನು ಹದಿನೈದು ದಿನಕ್ಕೊಮ್ಮೆ ಮಾಡಿದರು. ನಡುವಿನ ದಿನಗಳಲ್ಲಿ ಧೂಳು ಕೂತರೆ ಕೂತಿರಲಿ ಎಂದು ಬಿಡುತ್ತಾರೆ. ಧೂಳು ಕುಳಿತಲ್ಲಿ ಕುಳಿತಿದ್ದರೆ ಕೆಡುಕು ಅಷ್ಟಾಗಿಲ್ಲ, ಅದನ್ನು ಒಣದಾಗಿ ಎಳೆದಾಡಿದಾಗಲೇ ಕೆಡುಕು. ಕಾರು ದಿನವೂ ಥಳಥಳಿಸಬೇಕೆಂಬ ಹಂಬಲವನ್ನು ಬಿಡುವುದು ತಂದೆ ಮಗ ಇಬ್ಬರಿಗೂ ಸುಲಭವಾಗಿರಲಿಲ್ಲ.

ಹಳೆಯ ಗೀರುಗಳು ಏನಾದವು ಎಂಬ ಪ್ರಶ್ನೆ ಸಹಜ. ಅವು ಹಾಗೆಯೇ ಇವೆ. ಪಾಲಿಷ್ ಮಾಡಿಸಿದರೆ ಹೋಗುತ್ತವೆ ಎಂಬುದು ನಿಜ. ಆದರೆ ಪಾಲಿಷ್ ಎಂದರೆ ಗೀರನ್ನು ತುಂಬುವುದಲ್ಲ, ಗೀರಿನ ಆಳದವರೆಗೂ ಸುತ್ತಲಿನ ಹೊಳಪಿನ ಪದರವನ್ನೇ ಹೆರೆದು ಸಮ ಮಾಡುವುದು. ತಲೆಗೂದಲಿನಷ್ಟು ತೆಳುವಾದುದನ್ನು ಎಷ್ಟು ಸಲ ಹೆರೆಯಲು ಸಾಧ್ಯ? ಮಗ ಆ ಆಲೋಚನೆಯನ್ನು ಕೈಬಿಟ್ಟ. ಈಗ ಮಧ್ಯಾಹ್ನದ ಬಿಸಿಲಿನಲ್ಲಿ ಬಾನೆಟ್ಟಿನ ಮೇಲೆ ಉಂಗುರಗಳು ಮೂಡಿದಾಗ ಆತನಿಗೆ ಕಾಣುವುದು ಇನ್ನೂರೈವತ್ತಕ್ಕೂ ಹೆಚ್ಚು ಮುಂಜಾವುಗಳು, ಒಂದೊಂದರಲ್ಲೂ ತನಗಿಂತ ಮೊದಲೇ ಎದ್ದ ತಂದೆ.

ಕನ್ನಡದ 'ನೆನೆ' ಎಂಬ ಧಾತುವಿಗೆ ಎರಡು ಅರ್ಥಗಳಿವೆ. ನೀರಿನಲ್ಲಿ ತೋಯುವುದು ಒಂದು, ಮನಸ್ಸಿನಲ್ಲಿ ಸ್ಮರಿಸುವುದು ಇನ್ನೊಂದು. ಒಣಗಿದ ಧೂಳನ್ನು ನೆನೆಸದೆ ಒರೆಸಿದರೆ ಗೀರು ಬೀಳುತ್ತದೆ. ಎದುರಿಗಿರುವವರು ಮಾಡಿದ್ದನ್ನು ನೆನೆಯದೆ ಆಡಿದ ಮಾತಿಗೂ ಅದೇ ಗತಿ. ಹತ್ತು ನಿಮಿಷ ತಾಳಿದರೆ ಎರಡೂ ತಪ್ಪುತ್ತವೆ. ಹಳದಿ ಅರಿವೆ ಈಗಲೂ ಜಗುಲಿಯ ಗೂಟದಲ್ಲಿದೆ. ಗಾಲಿಗಳನ್ನು ಒರೆಸುವ ಕೆಲಸ ಅದರದು.